ಕೊತ್ತಂಬರಿ ಬೀಜದಷ್ಟು ಚಿಪ್ಪು, ಅದರೊಳಗೊಂದು ವೀರ್ಯದ ಚೀಲ

ಕುಮಟಾದ ಓದುಗರೊಬ್ಬರು ಕೇಳಿದ್ದಾರೆ: "ಚಿಪ್ಪುಜೀವಿಗಳು ಮೊಟ್ಟೆಯನ್ನೂ ವೀರ್ಯವನ್ನೂ ನೀರಿಗೇ ಬಿಡುತ್ತವೆ ಎಂದು ಬರೆದಿದ್ದೀರಿ. ಕೆಲವು ವೀರ್ಯವನ್ನು ಮೈಯೊಳಗೆ ಕೂಡಿಡುತ್ತವಂತೆ. ಹಾಗಾದರೆ ಅವು ಜೋಡಿಯಾಗುತ್ತವೆಯೇ?"

ಸಂಪಾದಕರ ಉತ್ತರ: ನಿಮ್ಮ ಅಘನಾಶಿನಿ ನದಿಯ ಬಳಚು ಎಂಬ ಚಿಪ್ಪಿನ ಮಟ್ಟಿಗೆ ನಾವು ಬರೆದದ್ದು ಸರಿ. ಎಲ್ಲ ಚಿಪ್ಪುಗಳಿಗೂ ಅದೇ ಮಾತು ಹೇಳಿದ್ದು ತಪ್ಪು. ತಿದ್ದಿದ್ದಕ್ಕೆ ಕೃತಜ್ಞತೆ.

ಯುರೋಪಿನ ಉತ್ತರ ಸಮುದ್ರದ ಕೆಸರಿನಲ್ಲಿ ಕರ್ಟಿಯೆಲ್ಲಾ ಬೈಡೆಂಟಾಟಾ ಎಂಬ ಚಿಪ್ಪು ಇದೆ. 1803ರಲ್ಲಿ ಇಂಗ್ಲೆಂಡಿನ ನಿಸರ್ಗತಜ್ಞ ಜಾರ್ಜ್ ಮಾಂಟಗು ಹೆಸರಿಟ್ಟದ್ದು. ಅಗಲ ಸುಮಾರು 3 ಮಿಲಿಮೀಟರ್. ಆಂಫಿಯೂರಾ ಎಂಬ ನಕ್ಷತ್ರಮೀನಿನ ಬಂಧು ಕೆಸರಿನೊಳಗೆ ಬಿಲ ಮಾಡಿಕೊಂಡು ತೋಳು ಮಾತ್ರ ಮೇಲೆ ಚಾಚಿರುತ್ತದೆ. ಆ ತೋಳುಗಳು ಅಲ್ಲಾಡಿದಾಗ ಬಿಲಕ್ಕೆ ಹೊಸ ನೀರು ಇಳಿಯುತ್ತದೆ. ಅದೇ ನೀರನ್ನು ನಂಬಿಕೊಂಡು ಈ ಚಿಪ್ಪು ಪಕ್ಕದಲ್ಲೇ ಬದುಕುತ್ತದೆ. ಇಷ್ಟು ಚಿಕ್ಕ ಮೈಯಲ್ಲಿ ಲಕ್ಷಗಟ್ಟಲೆ ಮೊಟ್ಟೆ ಹಿಡಿಸುವುದಿಲ್ಲ. ಇರುವಷ್ಟನ್ನು ಕಡಲಿಗೆ ಚೆಲ್ಲುವ ಬದಲು ಕಿವಿರಿನ ಕೋಣೆಯಲ್ಲೇ ಇಟ್ಟು ಕಾಯುತ್ತದೆ.

ಇದು ಮೊದಲು ಗಂಡು, ಆಮೇಲೆ ಹೆಣ್ಣು. ಮೊಟ್ಟೆ ಹಣ್ಣಾಗುವ ಹೊತ್ತಿಗೆ ಅಕ್ಕಪಕ್ಕದಲ್ಲಿ ಗಂಡು ವೀರ್ಯ ಬಿಡುತ್ತಿರಬೇಕೆಂದೇನಿಲ್ಲ. ಮುಂಚೆಯೇ ಬಂದ ವೀರ್ಯವನ್ನು ಕೂಡಿಡುವ ಚೀಲ ಇದ್ದರೆ ಆ ಚಿಂತೆಯಿಲ್ಲ. ಕೂಡಿಡುವುದರ ಅರ್ಥ ಇಷ್ಟೇ ಎಂದು ನನಗನ್ನಿಸುತ್ತದೆ: ಎರಡು ಬೇರೆ ಬೇರೆ ಹೊತ್ತುಗಳನ್ನು ಒಂದೆಡೆ ಸೇರಿಸುವುದು. ಜೋಡಿಯಾಗಲು ಬೇಕಾದ ಅಂಗ ಇದಕ್ಕಿಲ್ಲ. ಉಸಿರಿಗೂ ಊಟಕ್ಕೂ ಒಳಗೆಳೆದುಕೊಳ್ಳುವ ನೀರೇ ವೀರ್ಯವನ್ನೂ ತರುತ್ತದೆ.

ಈಗ ವೀರ್ಯಾಣುವಿನ ಆಕಾರ ನೋಡಿ. ನೀರಿಗೆ ಚೆಲ್ಲುವ ಚಿಪ್ಪುಗಳಲ್ಲಿ ಅದು ಬಹು ಸರಳ: ಪುಟ್ಟ ತಲೆ, ಅದರ ಬುಡಕ್ಕೆ ಮಣಿ ಪೋಣಿಸಿದಂತೆ ನಾಲ್ಕೈದು ಮೈಟೊಕಾಂಡ್ರಿಯಾ (ಶಕ್ತಿ ಒದಗಿಸುವ ಕಣಗಳು), ಹಿಂದೆ ಬಾಲ. ಮರಿ ಕಾಯುವ ಜಾತಿಗಳಲ್ಲಿ ತಲೆ ಉದ್ದುದ್ದ ಎಳೆದುಕೊಂಡಿರುತ್ತದೆ. ಡೆನ್ಮಾರ್ಕಿನ ಯೆಸ್ಪರ್ಸೆನ್ ಮತ್ತು ಲುಟ್ಸೆನ್ 2001ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕರ್ಟಿಯೆಲ್ಲಾದ ಚೀಲವನ್ನೂ ವೀರ್ಯವನ್ನೂ ವರ್ಣಿಸಿದರು. ವೀರ್ಯಾಣು ಒಂದೇ ಬಗೆಯದಲ್ಲ, ಎರಡು ಬಗೆ! ಮೊಟ್ಟೆಯನ್ನು ಫಲಿಸುವುದು ಒಂದು ಬಗೆ ಮಾತ್ರ. ಓದಿದಾಗ ಆ ಪುಟವನ್ನು ಮತ್ತೊಮ್ಮೆ ತಿರುವಿ ನೋಡಿದ್ದೆ.

ಜಪಾನ್ ಸಮುದ್ರದ ಜಾಕ್ಸಿಯಾ ಎಂಬ ಚಿಪ್ಪುಜೀವಿ ಇನ್ನೊಂದು ದಾರಿ ಹಿಡಿದಿದೆ. ಕಡಲಹುಲ್ಲಿನ ನೆಲದಡಿಯ ಕಾಂಡದಲ್ಲಿ ಕೊರೆದು ಕೂತ ಹೆಣ್ಣು, ತನ್ನ ಮೈಯ ಜೇಬಿನಲ್ಲಿ ಕುಬ್ಜ ಗಂಡುಗಳನ್ನೇ ಇಟ್ಟುಕೊಂಡಿರುತ್ತದೆ.

ಕರ್ಟಿಯೆಲ್ಲಾದ ಮರಿಗಳು ಕೊನೆಗೆ ತಾಯಿಯ ಕಿವಿರು ಬಿಟ್ಟು ತೆರೆದ ಕಡಲಿಗೆ ಹೊರಡುತ್ತವೆ, ತೇಲುತ್ತಾ ಮೇಯುತ್ತಾ ಬೆಳೆದು ಮತ್ತೆ ಯಾವುದೋ ಬಿಲದ ಬಳಿ ಕೆಸರಿಗಿಳಿಯುತ್ತವೆ.