ನಿವೃತ್ತರಾದ ಅಪ್ಪನ ಪೇಪರ್ ಮತ್ತು ಪತ್ತೇದಾರಿ ಹುಚ್ಚು ಬಿಡಿಸುವುದು ಹೇಗೆ?

ಬಿಡಿಸಬೇಡಿ.

ಬೆಳಿಗ್ಗೆ ಆರಕ್ಕೇ ಗೇಟಿನ ಹತ್ತಿರ ಪೇಪರಿಗೆ ಕಾಯುವುದು, ಮಧ್ಯಾಹ್ನ ಹಳೇ ಪತ್ತೇದಾರಿ ಕಾದಂಬರಿ, ಊಟಕ್ಕೆ ಕೂತರೆ ‘ನಿಂಗೊಂದು ವಿಷಯ ಗೊತ್ತಾ?’ ಅಂತ ಶುರು. ನೀವು ಬರೆದಿರುವುದು ನಮ್ಮಪ್ಪನ ಬಗ್ಗೆಯೇ ಅನ್ನಿಸಿತು. ಈಗ 69ರ ನಾನೂ ಹಾಗೇ ಆಗಿದ್ದೇನೆ. ಆದ್ದರಿಂದ ನನ್ನಿಂದ ನಿಷ್ಪಕ್ಷಪಾತ ಉತ್ತರ ಸಿಗುವುದಿಲ್ಲ.

ಅಪ್ಪ ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆ ಲೈಬ್ರರಿಯಿಂದ ತಂದು ರಾತ್ರಿಯೆಲ್ಲ ಓದಿದವರು. ರಿಟೈರ್ ಆದ ಮೇಲೆ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಷರ್ಲಾಕ್ ಹೋಮ್ಸ್, ಅಗಾಥಾ ಕ್ರಿಸ್ಟಿ ಓದಿದರು. ಪೇಪರ್ ಓದುವುದೂ ಅದೇ ರೀತಿ. ಕೊಲೆ ಸುದ್ದಿ ಬಂದರೆ ‘ಅಳಿಯನೇ, ಬರೆದಿಟ್ಕೋ’ ಅನ್ನುವರು. ತಿಂಗಳುಗಟ್ಟಲೆ ಕಾದು ಆರೋಪಿ ಯಾರೆಂದು ನೋಡುವರು. ಅರ್ಧಕ್ಕರ್ಧ ತಪ್ಪೇ ಇರುತ್ತಿತ್ತು. ತಪ್ಪಾದರೆ ‘ಪೊಲೀಸರು ಇನ್ನೂ ಸರಿಯಾಗಿ ನೋಡಿಲ್ಲ’ ಅನ್ನುವರು.

ನಾನು ಬ್ಯಾಂಕಿನಲ್ಲಿ ಇನ್ಸ್‌ಪೆಕ್ಷನ್ ವಿಭಾಗದವನು. ಊರೂರು ಸುತ್ತಿ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕುವುದೇ ಕೆಲಸ. ಆ ಬುದ್ಧಿಯನ್ನು ಮನೆ ಬಾಗಿಲಲ್ಲಿ ಬಿಟ್ಟು ಒಳಗೆ ಬರಬೇಕಿತ್ತು. ಬಿಡಲಿಲ್ಲ.

ಹೋಮ್ಸ್ ತನ್ನ ಗೆಳೆಯ ವಾಟ್ಸನ್‌ಗೆ ಹೇಳುತ್ತಾನೆಂದು ಎಲ್ಲರೂ ನಂಬಿರುವ ಒಂದು ಮಾತು ಅಪ್ಪನಿಗೆ ಬಹಳ ಇಷ್ಟ: ‘ಎಲಿಮೆಂಟರಿ, ಮೈ ಡಿಯರ್ ವಾಟ್ಸನ್.’ ಅಂದರೆ ‘ತೀರಾ ಸುಲಭ ಕಣಯ್ಯಾ ವಾಟ್ಸನ್’ ಅಂತ. ತರಕಾರಿಯವನು ಚಿಲ್ಲರೆ ಕಡಿಮೆ ಕೊಟ್ಟದ್ದನ್ನು ಕಂಡುಹಿಡಿದರೂ ಅದೇ ಡೈಲಾಗು. ಹೋಮ್ಸ್ ಹಾಗೆ ಹೇಳಿಯೇ ಇಲ್ಲ ಅಂತ ನಾನು ಎಲ್ಲೋ ಓದಿದೆ. ಸುಮ್ನೆ ಇರಬಹುದಿತ್ತು. ಇಲ್ಲ, ಪೂರ್ತಿ ಸಂಪುಟ ತಂದೆ. 4 ಕಾದಂಬರಿ, 56 ಕಥೆ, ಪೆನ್ಸಿಲ್ ಹಿಡಿದು ನೋಡಿದೆ. ಎಲ್ಲೂ ಇಲ್ಲ! ಅಪ್ಪನ ಮುಂದೆ ಇಟ್ಟೆ. ಅವರು ಎರಡು ದಿನ ಹುಡುಕಿ, ‘ದಿ ಕ್ರೂಕೆಡ್ ಮ್ಯಾನ್’ ಕಥೆಯಲ್ಲಿ ‘ಮೈ ಡಿಯರ್ ವಾಟ್ಸನ್’ ಒಂದು ಕಡೆ, ನಾಲ್ಕಾರು ಸಾಲು ಬಿಟ್ಟು ‘ಎಲಿಮೆಂಟರಿ’ ಇನ್ನೊಂದು ಕಡೆ ತೋರಿಸಿದರು. ‘ಸಾಮಾನು ಎರಡೂ ಇದೆಯಲ್ಲೋ, ನಾನು ವೆಲ್ಡಿಂಗ್ ಮಾಡಿದೆ ಅಷ್ಟೆ’ ಅಂದರು. ಇಬ್ಬರೂ ನಕ್ಕೆವು.

ಅಲ್ಲಿಗೆ ನಿಂತಿದ್ದರೆ ಈ ಉತ್ತರ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಒಂದು ಸಲ ಗೆದ್ದೆನಲ್ಲ, ಅಪ್ಪ ಹೇಳುವುದೆಲ್ಲ ಅರ್ಧ ಬೊಗಳೆ ಅಂತ ನನಗೆ ಗಟ್ಟಿಯಾಯಿತು.

ಆ ವರ್ಷದ ಯುಗಾದಿ. ಮನೆ ತುಂಬ ನೆಂಟರು, ನನ್ನ ಹೆಂಡತಿ ಕಡೆಯವರೂ ಇದ್ದರು. ಹೋಳಿಗೆ ಬಡಿಸುವಾಗ ಅಪ್ಪ ಶುರು ಮಾಡಿದರು. ಕುವೈತಿನ ಒಂದು ಮಗುವನ್ನು ಲಂಡನ್ ಆಸ್ಪತ್ರೆಗೆ ತಂದಿದ್ದರಂತೆ, ಕಾಯಿಲೆ ಏನೆಂದು ಡಾಕ್ಟರಿಗೆ ತಿಳಿಯಲಿಲ್ಲವಂತೆ. ಕೊನೆಗೆ ಕ್ರಿಸ್ಟಿ ಕಾದಂಬರಿ ಓದುತ್ತಿದ್ದ ನರ್ಸ್ ಒಬ್ಬಳು ‘ಇದು ವಿಷ’ ಅಂದಳಂತೆ.

‘ಅಪ್ಪಾ, ಇದೂ ವೆಲ್ಡಿಂಗಾ?’ ಅಂದೆ. ಎಲ್ಲರೂ ನಕ್ಕರು. ನನಗೆ ಉಮೇದು ಬಂತು. ಯಾವ ಆಸ್ಪತ್ರೆ, ಯಾವ ವರ್ಷ, ಯಾವ ಪೇಪರಿನಲ್ಲಿ ಬಂದಿತ್ತು ಅಂತ ಬ್ರಾಂಚ್ ಮ್ಯಾನೇಜರನ್ನು ಕೇಳುವ ಧಾಟಿಯಲ್ಲಿ ಒಂದೊಂದೇ ಕೇಳಿದೆ. ಅಪ್ಪ ತಡವರಿಸಿದರು. ‘ನೋಡಿ, ವೋಚರ್ರೇ ಇಲ್ಲ’ ಅಂದುಬಿಟ್ಟೆ. ಮತ್ತೆ ನಗು. ಅಪ್ಪನೂ ನಕ್ಕರು, ಎಲೆ ನೋಡಿಕೊಂಡು.

ಆ ಮಾತು ಸುಳ್ಳೆಂದು ನನಗೆ ಗೊತ್ತಿತ್ತಾ? ಇಲ್ಲ. ಹೋಮ್ಸ್ ವಿಷಯಕ್ಕೆ 60 ಕಥೆ ತಿರುವಿದವನು ಇದಕ್ಕೆ ಒಂದು ಪುಟ ತಿರುವಿರಲಿಲ್ಲ. ಹೇಳಿದ ರೀತಿ ಕಥೆಯಂತಿತ್ತು, ಹೇಳಿದವರು ಅಪ್ಪ. ನನಗೆ ಅಷ್ಟು ಸಾಕಾಯಿತು. ತಪ್ಪೇ ಇದ್ದರೂ ಒಳಗೆ ಕರೆದು ಹೇಳಬಹುದಿತ್ತು. ಸೊಸೆಯ ತವರಿನವರ ಮುಂದೆ ಎಲೆಯ ಮೇಲೆ ವಿಚಾರಣೆ ಮಾಡಿದೆ.

ಅಪ್ಪ ಜಗಳವಾಡಲಿಲ್ಲ. ಪೇಪರ್ ಓದುವುದನ್ನೂ ಬಿಡಲಿಲ್ಲ. ಓದಿದ್ದನ್ನು ಹೇಳುವುದನ್ನು ಬಿಟ್ಟರು, ಅಷ್ಟೆ. ಮೊದಲು ನನಗೆ ಹಾಯೆನಿಸಿತು. ಒಂದು ವರ್ಷವಾದ ಮೇಲೆ, ನಮ್ಮಿಬ್ಬರ ನಡುವೆ ಬೇರೆ ಮಾತೇ ಇರಲಿಲ್ಲ ಅಂತ ತಿಳಿಯಿತು. ‘ಇವತ್ತು ಪೇಪರಲ್ಲಿ ಏನಪ್ಪಾ?’ ಅಂತ ನಾನಾಗಿ ಕೇಳಿದರೆ, ‘ಏನಿಲ್ಲ, ಅದೇ ರಾಜಕೀಯ’ ಅನ್ನುವರು. 2004ರಲ್ಲಿ ಹೋದರು.

ನಾನು ರಿಟೈರ್ ಆದ ಮೇಲೆ ಅಪ್ಪನ ಪುಸ್ತಕಗಳನ್ನೇ ಓದತೊಡಗಿದೆ. ಆಗ ಸಿಕ್ಕಿತು ವೋಚರ್. 1977, ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆ. ಮಗು ಕತಾರ್ ದೇಶದ್ದು. ನರ್ಸ್ ಓದುತ್ತಿದ್ದುದು ಕ್ರಿಸ್ಟಿಯ 1961ರ ‘ದಿ ಪೇಲ್ ಹಾರ್ಸ್’. ಮಗುವಿನ ಕೂದಲು ಉದುರುವುದನ್ನು ನೋಡಿ, ಕಾದಂಬರಿಯಲ್ಲಿ ಬರುವ ಥ್ಯಾಲಿಯಂ ವಿಷವೇ ಇರಬಹುದೇ ಅಂದಳು. ಪರೀಕ್ಷೆ ಮಾಡಿದರೆ ಅದೇ. ಇಲಿ, ಜಿರಲೆಗೆ ಇಡುತ್ತಿದ್ದ ವಿಷ. ಮಗು ಚೇತರಿಸಿಕೊಂಡಿತು. ಕ್ರಿಸ್ಟಿಗೆ ಇದು ಗೊತ್ತಾಗಲೇ ಇಲ್ಲ, 1976ರ ಜನವರಿಯಲ್ಲೇ ತೀರಿಕೊಂಡಿದ್ದರು. ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯ ಔಷಧಿ ಕೊಠಡಿಯಲ್ಲಿ ಕೆಲಸ ಮಾಡಿದ್ದ ಹೆಂಗಸು, ವಿಷದ ಲಕ್ಷಣ ಸುಮ್ಮನೆ ಊಹಿಸಿ ಬರೆದವರಲ್ಲ.

ಅಪ್ಪ ತಪ್ಪು ಹೇಳಿದ್ದು ದೇಶದ ಹೆಸರೊಂದನ್ನೇ.

ಈಗ ನಿಮ್ಮ ವಿಷಯ. ಪೇಪರ್ ಬಿಡಿಸಲು ಯೋಗ ಕ್ಲಾಸಿಗೆ ಸೇರಿಸುವುದಾ, ಟ್ಯಾಬ್ಲೆಟ್ ಕಂಪ್ಯೂಟರ್ ಕೊಡಿಸುವುದಾ ಅಂತ ಕೇಳಿದ್ದೀರಿ. ಎರಡೂ ಬೇಡ. ಇನ್ನೊಂದು ಪೇಪರ್ ಹಾಕಿಸಿ. ನಿಮ್ಮ ತೊಂದರೆ ಅವರ ಓದಲ್ಲ, ಕೇಳಿಸಿಕೊಳ್ಳಲು ನಿಮಗೆ ಬೇಜಾರು, ಅಲ್ವಾ? ದುಡ್ಡು, ಔಷಧಿ ವಿಷಯದಲ್ಲಿ ತಪ್ಪು ಹೇಳಿದರೆ ಮಾತ್ರ ತಿದ್ದಿ, ಅದೂ ಒಬ್ಬರೇ ಇರುವಾಗ. ಮೋಸ ಹೋಗುತ್ತಾರೆಂಬ ಭಯ ಜಾಸ್ತಿ ಬೇಡ. ಪೊಲೀಸರೆಂದು ಹೇಳಿಕೊಂಡು ಫೋನಿನಲ್ಲೇ ಹೆದರಿಸಿ ದುಡ್ಡು ಕೀಳುವ ‘ಡಿಜಿಟಲ್ ಅರೆಸ್ಟ್’ ಮೋಸದ ಸುದ್ದಿಯನ್ನು ದಿನಾ ಪೇಪರಿನಲ್ಲಿ ಓದುವವರಿಗೆ, ವಿಡಿಯೋ ಕಾಲಿನಲ್ಲಿ ಬಂಧಿಸುವ ಪದ್ಧತಿ ಕಾನೂನಿನಲ್ಲೇ ಇಲ್ಲವೆಂದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಹೋದ ತಿಂಗಳು ಮೊಮ್ಮಗನಿಗೆ ನರ್ಸ್ ಕಥೆ ಹೇಳಿದೆ. ಕುವೈತ್ ಅಂತಲೇ ಹೇಳಿದೆ. ಅವನು ಮೇಜಿನ ಕೆಳಗೆ ಫೋನ್ ತೆಗೆದು ನೋಡಿ, ‘ತಾತಾ, ಕತಾರ್’ ಅಂದ. ‘ಹೌದಾ? ಮುಂದೆ ಏನಿದೆ ಓದು’ ಅಂದೆ. ಪೂರ್ತಿ ಓದಿದ.