ನಾಳೆಯಿಂದ ಬರಬೇಡ ಅನ್ನುವ ಮುಂಚೆ

ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಸೇರಿಸಿಕೊಳ್ಳುವ, ಕೆಲಸದಿಂದ ಬಿಡಿಸುವ ವಿಚಾರದವು. ಮಾಲೀಕರೂ ಬರೆದಿದ್ದಾರೆ, ಕೆಲಸಗಾರರೂ ಬರೆದಿದ್ದಾರೆ. ಎಲ್ಲರಿಗೂ ಒಟ್ಟಿಗೇ ಉತ್ತರಿಸುತ್ತಿದ್ದೇನೆ. ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರೂ ಓದಲಿ ಅಂತ.

ಪ್ರಶ್ನೆ: ದಾವಣಗೆರೆ ಚೌಕಿಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಹನ್ನೊಂದು ಜನ ಕೆಲಸಕ್ಕಿದ್ದಾರೆ. ದೀಪಾವಳಿ ಆದ ಮೇಲೆ ಸ್ಟಾಕ್ ಎಣಿಸಿದಾಗ ಆರು ಸೀರೆ ಕಡಿಮೆ ಬಂತು, ಸುಮಾರು 22,000 ರೂಪಾಯಿ ಮಾಲು. ಆ ಕೌಂಟರ್ ನೋಡಿಕೊಳ್ಳುವ ಹುಡುಗ ನಾಲ್ಕು ವರ್ಷದಿಂದ ಇದ್ದಾನೆ. ಅವನ ಮೇಲೇ ಅನುಮಾನ. ನಾಳೆಯಿಂದ ಬರಬೇಡ ಅಂತ ಹೇಳಿ, ಈ ತಿಂಗಳ ಸಂಬಳ ಹಿಡಿದುಕೊಳ್ಳಬಹುದಾ?

ಉತ್ತರ: ಎರಡೂ ಬೇಡ ಅಣ್ಣಾವ್ರೇ. ದಯವಿಟ್ಟು ಬೇಡ.

ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಆ ಹುಡುಗನಿಗೆ ನೇಮಕದ ಕಾಗದ ಕೊಟ್ಟಿದ್ದೀರಾ? ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಕೆಲಸಕ್ಕೆ ಸೇರಿದ 30 ದಿನದೊಳಗೆ ಹೆಸರು, ಕೆಲಸ, ಸಂಬಳ, ಷರತ್ತು ಬರೆದು ಕೊಡಬೇಕು ಅಂತ ಅದರಲ್ಲಿದೆ. ಕೊಟ್ಟಿಲ್ಲ ಅಂದರೆ ಈಗ ಹೆದರಿ ಹಳೇ ತಾರೀಖು ಹಾಕಿ ಬರೆಯಬೇಡಿ. ಇವತ್ತಿನ ತಾರೀಖೇ ಹಾಕಿ, ಅವನು ಸೇರಿದ ದಿನವನ್ನು ಒಳಗೆ ನಿಜವಾಗಿ ಬರೆಯಿರಿ. ಹಳೇ ತಾರೀಖಿನ ಒಂದು ಕಾಗದ ಸಿಕ್ಕಿಬಿದ್ದರೆ ನಿಮ್ಮ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

ಇನ್ನು ಬಿಡಿಸುವ ವಿಚಾರ. ಅದೇ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ಆರು ತಿಂಗಳು ಸತತವಾಗಿ ದುಡಿದವರನ್ನು ತೆಗೆಯಲು ಸರಿಯಾದ ಕಾರಣ ಬೇಕು. ಜೊತೆಗೆ ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಒಂದು ತಿಂಗಳ ಸಂಬಳ. ಕಳ್ಳತನದಂಥ ತಪ್ಪಿಗೆ ನೋಟಿಸ್ ಬೇಡ, ನಿಜ. ಆದರೆ ಅದಕ್ಕೆ ವಿಚಾರಣೆ ನಡೆಸಿ, ಸಾಕ್ಷ್ಯ ಬರೆದಿಟ್ಟಿರಬೇಕು. ನಿಮ್ಮ ಕೈಯಲ್ಲಿ ಈಗಿರುವುದು ಅನುಮಾನ ಮಾತ್ರ.

ವಿಚಾರಣೆ ಅಂದರೆ ಗಾಬರಿ ಬೀಳಬೇಡಿ. ಅವನಿಗೆ ಮೆಮೋ ಕೊಡಿ. ಯಾವ ಸೀರೆ, ಯಾವ ಕೋಡ್, ಯಾವ ದಿನದ ಎಣಿಕೆ ಅಂತ ಸ್ಪಷ್ಟವಾಗಿ ಬರೆಯಿರಿ. 'ನೀನು ನಂಬಿಕೆ ದ್ರೋಹ ಮಾಡಿದ್ದೀಯ' ಅಂತ ಸುಮ್ನೆ ಬರೆದರೆ ಅದಕ್ಕೆ ಅವನು ಏನು ಉತ್ತರ ಕೊಡಬೇಕು? ಓದಿ ಉತ್ತರ ಬರೆಯಲು ಏಳು ದಿನವಾದರೂ ಕೊಡಿ. ಉತ್ತರ ಸರಿಕಾಣದಿದ್ದರೆ ವಿಚಾರಣೆಗೆ ದಿನ ಗೊತ್ತು ಮಾಡಿ. ವಿಚಾರಣೆ ಮಾಡುವವರು ನೀವಾಗಬಾರದು, ಸ್ಟಾಕ್ ಎಣಿಸಿದ ಮ್ಯಾನೇಜರ್ ಕೂಡ ಆಗಬಾರದು. ದೂರು ಹೇಳಿದವರೇ ತೀರ್ಪು ಕೊಟ್ಟರೆ ಅದು ನಿಲ್ಲುವುದಿಲ್ಲ. ನಿಮಗೆ ಗೊತ್ತಿರುವ ನಿವೃತ್ತ ಬ್ಯಾಂಕ್ ಅಧಿಕಾರಿಯೋ, ವಕೀಲರೋ ಆಗಬಹುದು. ಮ್ಯಾನೇಜರ್ ಹೇಳಿಕೆ ಕೊಡುವಾಗ ಹುಡುಗ ಎದುರಿಗಿರಬೇಕು, ಅವರನ್ನು ಪ್ರಶ್ನೆ ಕೇಳಲು ಅವನಿಗೆ ಬಿಡಬೇಕು. ಕೊನೆಗೆ ವರದಿಯ ಒಂದು ಪ್ರತಿ ಅವನ ಕೈಗೂ ಸೇರಬೇಕು. ಅಲ್ಲಿಯವರೆಗೆ ಅವನು ಅಂಗಡಿಯಲ್ಲಿ ಇರುವುದು ಬೇಡ ಅನ್ನಿಸಿದರೆ ಅಮಾನತಿನಲ್ಲಿಡಿ. ಆಗ ಮೊದಲ 90 ದಿನ ಅರ್ಧ ಸಂಬಳ ಜೀವನಾಧಾರ ಭತ್ಯೆಯಾಗಿ ಕೊಡಬೇಕಾಗುತ್ತದೆ.

ಇದೆಲ್ಲ ಬರೀ ಕಾಗದದ ಶಾಸ್ತ್ರ ಅನ್ನಿಸಬಹುದು. ಕೆಲವು ವರ್ಷದ ಹಿಂದೆ ನಾನು ಕೂತು ನೋಡಿದ ಒಂದು ವಿಚಾರಣೆ ಹೇಳುತ್ತೇನೆ. ಅದೂ ಬಟ್ಟೆ ಅಂಗಡಿಯೇ. ಹಿಂದಿನ ಗೋದಾಮಿನಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ಸುತ್ತ ಬಿಚ್ಚದ ಬೇಲ್‌ಗಳು. ಹುಡುಗ ಕುರ್ಚಿಯ ತುದಿಯಲ್ಲಿ ಕೂತಿದ್ದ. ಕೊಟ್ಟ ಚಹಾ ಮುಟ್ಟಲಿಲ್ಲ, ಮೇಲೆ ಕೆನೆ ಕಟ್ಟಿತ್ತು. ಮ್ಯಾನೇಜರ್ ಸ್ಟಾಕ್ ಪುಸ್ತಕ ಓದಿ ಮುಗಿಸಿದರು. ಏನಾದರೂ ಕೇಳುವುದಿದೆಯಾ ಅಂದರೆ ಅವನು ಕೇಳಿದ್ದು ಒಂದೇ: 'ಸಾವ್ಕಾರ್ರೇ, ಗಲ್ಲಾದಾಗಿನ ಆ ಸಣ್ಣ ನೋಟ್‌ಬುಕ್ ಒಂಚೂರು ತೆಗೆದು ನೋಡ್ರಿ.' ಮದುವೆ ಮನೆಯವರು ಮನೆಯಲ್ಲಿ ತೋರಿಸಿ ತರುತ್ತೇವೆ ಅಂತ ಸೀರೆ ಒಯ್ಯುತ್ತಾರಲ್ಲ, ಅದನ್ನು ಬರೆದಿಡುವ ಪುಸ್ತಕ. ಕಾಣೆಯಾದ ಐದರಲ್ಲಿ ನಾಲ್ಕು ಸೀರೆ ಅದರಲ್ಲಿದ್ದವು. ಬರೆದದ್ದು ಸಾವ್ಕಾರರ ಕೈಬರಹವೇ. ಅವರು ಪುಸ್ತಕವನ್ನು ತೆರೆದ ಹಾಗೇ ಮೇಜಿನ ಮೇಲಿಟ್ಟು ತುಂಬ ಹೊತ್ತು ಸುಮ್ಮನೆ ಕೂತರು. ಆ ಹುಡುಗ ಆ ವಾರವೇ ವಾಪಸ್ ಕೌಂಟರ್‌ಗೆ ಬಂದ. ನಿಮ್ಮ ಗಲ್ಲಾದಲ್ಲೂ ಅಂಥ ನೋಟ್‌ಬುಕ್ ಇರುತ್ತದೆ, ಅಲ್ವಾ? ಮೆಮೋ ಬರೆಯುವ ಮುಂಚೆ ಅದನ್ನೊಮ್ಮೆ ನೋಡಿ.

ಸಂಬಳದ ಮಾತು ಉಳಿಯಿತು. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು, ಅಂದರೆ ಹಳೇ ಕಾರ್ಮಿಕ ಕಾಯ್ದೆಗಳನ್ನು ಒಟ್ಟುಗೂಡಿಸಿದ ಹೊಸ ಕಾನೂನುಗಳು, ಜಾರಿಯಲ್ಲಿವೆ. ಅದರಲ್ಲಿ ವೇತನ ಸಂಹಿತೆಯ ಪ್ರಕಾರ, ಕೆಲಸದಿಂದ ತೆಗೆದರೂ ಅವನೇ ಬಿಟ್ಟರೂ ಎರಡು ಕೆಲಸದ ದಿನದೊಳಗೆ ಅವನ ಸಂಬಳ ಚುಕ್ತಾ ಆಗಬೇಕು. ಮಾಲು ಹೋಯಿತು ಅಂತ ಸಂಬಳದಲ್ಲಿ ಮುರಿದುಕೊಳ್ಳಬೇಕಾದರೂ ಮೊದಲು ಅವನ ಮಾತು ಕೇಳಿರಬೇಕು, ನಷ್ಟ ಅವನ ತಪ್ಪಿನಿಂದಲೇ ಆದದ್ದಿರಬೇಕು. ಎಲ್ಲ ಕಡಿತ ಸೇರಿ ಆ ತಿಂಗಳ ಸಂಬಳದ ಅರ್ಧ ದಾಟುವಂತಿಲ್ಲ. ಖಾಲಿ ಹಾಳೆಯ ಮೇಲೆ 'ತಪ್ಪಾಯಿತು' ಅಂತ ಬರೆಸಿಕೊಳ್ಳುವ ಕೆಲಸ ಮಾತ್ರ ಮಾಡಬೇಡಿ. ಅದು ನಿಮಗೇ ತಿರುಗಿ ಬೀಳುತ್ತದೆ.

ಪ್ರಶ್ನೆ: ನಾನು ಹರಿಹರದ ಹತ್ತಿರ ಒಂದು ಕಾರ್ಖಾನೆಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೆ. ತಾಯಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹನ್ನೆರಡು ದಿನ ಹೋಗಲಾಗಲಿಲ್ಲ. ಫೋನ್ ಮಾಡಿ ಸೂಪರ್‌ವೈಸರ್‌ಗೆ ಹೇಳಿದ್ದೆ. ವಾಪಸ್ ಹೋದರೆ ಗೇಟಿನಲ್ಲೇ ತಡೆದು, 'ನೀನೇ ಕೆಲಸ ಬಿಟ್ಟಿದ್ದೀಯ, ನಿನ್ನ ಹೆಸರು ತೆಗೆದಾಗಿದೆ' ಅಂದರು. ಕಾಗದ ಏನೂ ಕೊಟ್ಟಿಲ್ಲ.

ಉತ್ತರ: ತಮ್ಮಾ, ನಿನ್ನ ಪತ್ರ ಓದಿ ನನಗೆ ನಮ್ಮಪ್ಪ ನೆನಪಾದರು. ದಾವಣಗೆರೆಯ ಮಿಲ್ಲುಗಳು ನಡೆಯುತ್ತಿದ್ದ ಕಾಲ. ಅಪ್ಪ ಒಂದು ಮಿಲ್ಲಿನಲ್ಲಿ ಬದಲಿ ಕೆಲಸಗಾರ. ಪಾಳಿ ಶುರುವಾಗುವ ಮುಂಚೆ ಗೇಟಿನಲ್ಲಿ ನಿಲ್ಲಬೇಕು, ಹೆಸರು ಕೂಗಿದರೆ ಒಳಗೆ, ಇಲ್ಲದಿದ್ದರೆ ಮನೆಗೆ. ಟೈಫಾಯ್ಡ್ ಬಂದು ಎದ್ದು ಹೋದ ಮೇಲೆ ಅವರ ಹೆಸರು ಕೂಗುವುದೇ ನಿಂತುಹೋಯಿತು. ಯಾಕೆ ಅಂತ ಯಾರೂ ಹೇಳಲಿಲ್ಲ. ತಿಂಗಳುಗಟ್ಟಲೆ ಬುತ್ತಿ ಕಟ್ಟಿಕೊಂಡು ಹೋಗಿ, ಗೇಟಿನಲ್ಲಿ ನಿಂತು, ಅದೇ ಬುತ್ತಿ ಬಿಚ್ಚದೆ ವಾಪಸ್ ತರುತ್ತಿದ್ದರು. ನಾನು ಈ ಕೆಲಸಕ್ಕೆ ಬಂದದ್ದು ಆ ಬುತ್ತಿ ನೋಡಿ.

ಕಾನೂನು ನಿನ್ನ ಕಡೆ ಇದೆ. 1993ರಲ್ಲಿ ಡಿ.ಕೆ. ಯಾದವ್ ಅನ್ನುವ ಕೆಲಸಗಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ತೀರ್ಮಾನ ಮಾಡಿತು. ಎಂಟು ದಿನಕ್ಕಿಂತ ಜಾಸ್ತಿ ಹೇಳದೆ ಗೈರಾದರೆ ಕೆಲಸ ತಾನಾಗಿಯೇ ಹೋಗುತ್ತದೆ ಅಂತ ಆ ಕಾರ್ಖಾನೆಯ ನಿಯಮದಲ್ಲೇ ಬರೆದಿತ್ತು. ಹಾಗಿದ್ದರೂ ಅವರ ಮಾತು ಕೇಳದೆ, ವಿಚಾರಣೆ ಮಾಡದೆ ತೆಗೆದದ್ದು ತಪ್ಪು ಅಂತ ಕೋರ್ಟ್ ಹೇಳಿ, ಕೆಲಸ ವಾಪಸ್ ಕೊಡಿಸಿ, ಹಿಂದಿನ ಸಂಬಳದಲ್ಲಿ ಅರ್ಧವನ್ನೂ ಕೊಡಿಸಿತು.

ಈಗ ನೀನು ಮಾಡಬೇಕಾದ್ದು ತಡ ಮಾಡದೆ ಒಂದು ಪತ್ರ ಬರೆಯುವುದು. ಇಂಥ ದಿನ ಇಷ್ಟು ಗಂಟೆಗೆ ಕೆಲಸಕ್ಕೆ ಬಂದೆ, ಗೇಟಿನಲ್ಲಿ ತಡೆದರು, ನಾನು ಕೆಲಸ ಬಿಟ್ಟಿಲ್ಲ, ಇವತ್ತೂ ಬರಲು ತಯಾರಿದ್ದೇನೆ. ಇಷ್ಟೇ ಸಾಕು. ಬೈಗುಳ, ಬೆದರಿಕೆ ಬೇಡ. ತಾಯಿಯ ಎಕ್ಸ್‌ರೇ ವರದಿ, ಡಿಸ್ಚಾರ್ಜ್ ಕಾರ್ಡ್ ಝೆರಾಕ್ಸ್ ಜೊತೆಗಿಡು. ಸೂಪರ್‌ವೈಸರ್‌ಗೆ ಫೋನ್ ಮಾಡಿದ್ದರ ಕಾಲ್ ಲಿಸ್ಟ್ ಅಳಿಸಬೇಡ, ಸ್ಕ್ರೀನ್‌ಶಾಟ್ ತೆಗೆದಿಡು. ಮೊದಲು ರಿಜಿಸ್ಟರ್ಡ್ ಪೋಸ್ಟ್ ಅನ್ನುತ್ತಿದ್ದೆವು, ಈಗ ಅದು ಸ್ಪೀಡ್ ಪೋಸ್ಟ್‌ನಲ್ಲೇ ಸೇರಿದೆ. ಹಾಗಾಗಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ತಲುಪಿದ ರಸೀದಿ ಇಟ್ಟುಕೋ. ಉತ್ತರ ಬಾರದಿದ್ದರೆ ದಾವಣಗೆರೆಯ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಸಂಧಾನಕ್ಕೆ ಅರ್ಜಿ ಹಾಕು. 45 ದಿನದಲ್ಲಿ ಅಲ್ಲಿ ಬಗೆಹರಿಯದಿದ್ದರೆ ನೀನೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಕೆಲಸದಿಂದ ತೆಗೆದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಯಾರೋ 'ಮಾತಾಡಿಸ್ತೀನಿ ತಡಿ' ಅಂದರು ಅಂತ ದಿನ ದೂಡಬೇಡ.

ಪ್ರಶ್ನೆ: ಚಿತ್ರದುರ್ಗದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿದ್ದೇನೆ. ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡಿದ್ದಾರೆ. ಎರಡು ವರ್ಷದೊಳಗೆ ಬಿಟ್ಟರೆ ಒಂದು ಲಕ್ಷ ಕಟ್ಟಬೇಕು ಅಂತ ಬಾಂಡ್ ಬರೆಸಿಕೊಂಡಿದ್ದಾರೆ. ಬೇರೆ ಕಡೆ ಕೆಲಸ ಸಿಕ್ಕಿದೆ.

ಉತ್ತರ: ಮಾರ್ಕ್ಸ್ ಕಾರ್ಡ್ ನಿನ್ನದು ತಂಗಿ. ಪರಿಶೀಲನೆ ಆದ ಮೇಲೆ ವಾಪಸ್ ಕೊಡಬೇಕು. ಅದನ್ನು ಅಡ ಇಟ್ಟುಕೊಳ್ಳುವ ಹಕ್ಕು ಯಾವ ಮಾಲೀಕರಿಗೂ ಇಲ್ಲ. ಬರೆದು ಕೇಳು. ಬಾಂಡ್ ಮಾತ್ರ ಬೇರೆ. ಬಾಂಡ್‌ಗೆ ಬೆಲೆಯೇ ಇಲ್ಲ ಅಂತ ಸ್ನೇಹಿತರು ಹೇಳಿದರೆ ನಂಬಬೇಡ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕಿನ ಮೊಕದ್ದಮೆಯಲ್ಲಿ ಮೂರು ವರ್ಷದ ಮುಂಚೆ ಬಿಟ್ಟರೆ ಎರಡು ಲಕ್ಷ ಅನ್ನುವ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಅಲ್ಲಿ ಹೊಸಬರನ್ನು ತೆಗೆದುಕೊಳ್ಳಲು ಬ್ಯಾಂಕಿಗೆ ಆಗುವ ಖರ್ಚು, ಅಧಿಕಾರಿಯ ಹುದ್ದೆ, ಸಂಬಳ ಎಲ್ಲ ನೋಡಿದರು. ನಿನಗೆ ತರಬೇತಿ ಕೊಡಿಸಿ ಖರ್ಚು ಮಾಡಿದ್ದಾರಾ? ಇಲ್ಲವಾದರೆ ಪೂರ್ತಿ ಒಂದು ಲಕ್ಷ ವಸೂಲು ಮಾಡುವುದು ಅವರಿಗೆ ಕಷ್ಟ. 1872ರ ಕರಾರು ಕಾಯ್ದೆ ನ್ಯಾಯವಾದಷ್ಟು ಪರಿಹಾರ ಮಾತ್ರ ಕೊಡಿಸುತ್ತದೆ. ಹೇಳದೆ ಕೇಳದೆ ಬಿಡಬೇಡ. ನೋಟಿಸ್ ಅವಧಿ ಮುಗಿಸಿ, ರಿಲೀವಿಂಗ್ ಪತ್ರ ತೆಗೆದುಕೊಂಡು ಹೊರಡು.

ಪ್ರಶ್ನೆ: ನನಗೆ 52 ವರ್ಷ. ಅಕ್ಕಿ ಗಿರಣಿಯಲ್ಲಿ 11 ವರ್ಷ 7 ತಿಂಗಳು ದುಡಿದಿದ್ದೇನೆ. ತಿಂಗಳಿಗೆ 14,000. ವ್ಯಾಪಾರ ಇಲ್ಲ, ಮೂವರನ್ನು ಕಡಿಮೆ ಮಾಡುತ್ತೇವೆ, 20,000 ತಗೊಂಡು ಸಹಿ ಹಾಕು ಅನ್ನುತ್ತಿದ್ದಾರೆ. ನನಗಿಂತ ಆಮೇಲೆ ಬಂದವರು ಇನ್ನೂ ಇದ್ದಾರೆ.

ಉತ್ತರ: ಸಹಿ ಹಾಕಬೇಡಿ ಅಣ್ಣಾ. ಪೆನ್ನು ಕೈಗೆ ತೆಗೆದುಕೊಳ್ಳುವ ಮುಂಚೆ ಲೆಕ್ಕ ಹಾಕೋಣ.

ವ್ಯಾಪಾರ ಕಡಿಮೆಯಾದರೆ ಜನ ಕಡಿಮೆ ಮಾಡಲು ಮಾಲೀಕರಿಗೆ ಹಕ್ಕಿದೆ, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆದರೆ ಕಾರಣ ಬರೆದು ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಒಂದು ತಿಂಗಳ ಸಂಬಳ: 14,000. ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಪರಿಹಾರ. ಆರು ತಿಂಗಳು ದಾಟಿದ್ದು ಪೂರ್ತಿ ವರ್ಷ ಅಂತ ಲೆಕ್ಕ, ಹಾಗಾಗಿ ನಿಮ್ಮದು 12 ವರ್ಷ. 7,000 ಗುಣಿಸು 12 ಅಂದರೆ 84,000. ಗಿರಣಿಯಲ್ಲಿ ಹತ್ತು ಜನ ಇದ್ದರೆ ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದದ್ದಕ್ಕೆ ಬಿಡುವಾಗ ಕೊಡುವ ಹಣ, ಬೇರೆ. ಅದಕ್ಕೆ ತಿಂಗಳನ್ನು 26 ದಿನ ಅಂತ ಹಿಡಿಯುತ್ತಾರೆ. 14,000ವನ್ನು 26ರಿಂದ ಭಾಗಿಸಿ, 15ರಿಂದ, ಆಮೇಲೆ 12ರಿಂದ ಗುಣಿಸಿದರೆ ಸುಮಾರು 96,900. ಹೊಸ ಸಂಹಿತೆಯಲ್ಲಿ ಮರುಕೌಶಲ್ಯ ನಿಧಿ (ಕೆಲಸ ಹೋದವರು ಬೇರೆ ಕೆಲಸ ಕಲಿಯಲಿ ಅಂತ ಇರುವ ನಿಧಿ) ಅಂತ ಇನ್ನೂ 15 ದಿನದ ಸಂಬಳ ಇದೆ, ಅದು 45 ದಿನದೊಳಗೆ ನಿಮ್ಮ ಖಾತೆಗೆ ಬರಬೇಕು: 7,000. ಎಲ್ಲ ಕೂಡಿಸಿದರೆ ಎರಡು ಲಕ್ಷ ದಾಟುತ್ತದೆ. ನಿಮಗೆ ತೋರಿಸುತ್ತಿರುವುದು 20,000.

ಕೊನೆಗೆ ಬಂದವರು ಮೊದಲು ಹೋಗಬೇಕು ಅನ್ನುವುದು ಸಾಮಾನ್ಯ ನಿಯಮ. ಒಂದೇ ಥರದ ಕೆಲಸ ಮಾಡುವವರಲ್ಲಿ ಹಳಬರನ್ನು ತೆಗೆದು ಹೊಸಬರನ್ನು ಉಳಿಸಿಕೊಂಡರೆ ಮಾಲೀಕರು ಕಾರಣ ಬರೆದಿಡಬೇಕು. ಒಂದು ವರ್ಷದೊಳಗೆ ಮತ್ತೆ ಜನ ತೆಗೆದುಕೊಂಡರೆ ಮೊದಲು ನಿಮ್ಮನ್ನು ಕರೆಯಬೇಕು. ಈ ಪುಟವನ್ನು ಹರಿದು ಅವರ ಮುಂದಿಟ್ಟು ಶಾಂತವಾಗಿ ಮಾತಾಡಿ. ಎಷ್ಟೋ ಮಾಲೀಕರಿಗೂ ಈ ಲೆಕ್ಕ ಯಾರೂ ಹೇಳಿರುವುದಿಲ್ಲ.

ಪ್ರಶ್ನೆ: ಬೆಣ್ಣೆದೋಸೆ ಹೋಟೆಲ್ ನಡೆಸುತ್ತೇನೆ. ಈಗ ಎಂಟು ಜನ ಇದ್ದಾರೆ, ಇನ್ನಿಬ್ಬರು ಬೇಕು. ಬಂದ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಹೊಸದಾಗಿ ಮದುವೆಯಾಗಿದೆ. ನಾಳೆ ಬಸುರಿಯಾದರೆ ತೊಂದರೆ ಅಂತ ನಮ್ಮವರು ಬೇಡ ಅನ್ನುತ್ತಾರೆ.

ಉತ್ತರ: ಅಕ್ಕಾ, ಆ ಕಾರಣಕ್ಕೆ ಬೇಡ ಅನ್ನಬೇಡಿ. ಕೆಲಸಕ್ಕೆ ತೆಗೆದುಕೊಳ್ಳುವಾಗ ಹೆಣ್ಣು ಅನ್ನುವ ಕಾರಣಕ್ಕೆ ಭೇದ ಮಾಡುವುದನ್ನು ವೇತನ ಸಂಹಿತೆ ತಡೆಯುತ್ತದೆ. ಆ ಹುಡುಗಿ ದೋಸೆಗೆ ಹಿಟ್ಟು ಹದ ಮಾಡಬಲ್ಲಳಾ, ಬೆಳಗ್ಗೆ ಆರಕ್ಕೆ ಬರಬಲ್ಲಳಾ, ಅದನ್ನು ಕೇಳಿ. ಮಕ್ಕಳು ಯಾವಾಗ ಅಂತ ಕೇಳಬೇಡಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ವಿಚಾರ. ಇವರಿಬ್ಬರೂ ಸೇರಿದರೆ ನೀವು ಹತ್ತು ಜನ ಆಗುತ್ತೀರಿ. ಹತ್ತು ಜನ ಆದ ಕೂಡಲೇ ಹಲವು ಕಾನೂನುಗಳು ನಿಮಗೂ ಅನ್ವಯಿಸುತ್ತವೆ. ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ ಇಎಸ್‌ಐ, ಅಂದರೆ ನೌಕರರ ಸರ್ಕಾರಿ ವಿಮೆ, ಮಾಡಿಸಬೇಕು. ನಿಮ್ಮ ಪಾಲು 3.25 ಶೇಕಡ, ಅವರ ಪಾಲು 0.75. ಅಂದರೆ 15,000 ಸಂಬಳಕ್ಕೆ ನೀವು 487 ರೂಪಾಯಿ 50 ಪೈಸೆ ಕಟ್ಟಿದರೆ ಅವಳ ಹೆರಿಗೆ ಸೌಲಭ್ಯವನ್ನು, ಅದಕ್ಕೆ ಬೇಕಾದಷ್ಟು ದಿನ ವಂತಿಗೆ ಕಟ್ಟಿದ್ದರೆ, ಇಎಸ್‌ಐ ನೋಡಿಕೊಳ್ಳುತ್ತದೆ. ನಿಮ್ಮ ಮನೆಯವರ ಭಯಕ್ಕೆ ಉತ್ತರ ಅದರಲ್ಲೇ ಇದೆ. ಹೆರಿಗೆ ರಜೆ 26 ವಾರ, ಆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿಯನ್ನೂ ಹತ್ತು ಜನರಾದಾಗ ಮಾಡಬೇಕು. ಅದರ ಮುಖ್ಯಸ್ಥೆ ಹೆಂಗಸೇ ಆಗಿರಬೇಕು, ಹೊರಗಿನ ಒಬ್ಬರು ಇರಬೇಕು. ಪಿಎಫ್ ಇಪ್ಪತ್ತು ಜನರಾದಾಗ ಬರುತ್ತದೆ, ಅದಿನ್ನೂ ದೂರ.

ಪಾತ್ರೆ ತೊಳೆಯಲು ಹುಡುಗ ಬೇಕು ಅಂತ ಕೊನೆಯಲ್ಲಿ ಬರೆದಿದ್ದೀರಿ. ಹದಿನಾಲ್ಕು ತುಂಬದ ಮಗುವನ್ನು ಇಟ್ಟುಕೊಳ್ಳಲೇಬೇಡಿ, ಅಪ್ಪ ಅಮ್ಮ ಬಂದು ಕೈ ಮುಗಿದರೂ.

ಇಬ್ಬರು ಹೆಣ್ಣುಮಕ್ಕಳಿಗೂ ನೇಮಕದ ಕಾಗದವನ್ನು ಕನ್ನಡದಲ್ಲೇ ಬರೆಯಿರಿ. ಸಂಬಳ ಎಷ್ಟು, ಬಟವಾಡೆ ಯಾವ ದಿನ, ವಾರದ ರಜೆ ಯಾವತ್ತು, ಕೆಲಸ ಎಷ್ಟರಿಂದ ಎಷ್ಟರವರೆಗೆ. ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. ಕೂರಿಸಿಕೊಂಡು ಒಂದೊಂದೇ ಸಾಲು ಓದಿ ಹೇಳಿ. ಎರಡು ಪ್ರತಿಗೂ ನಿಮ್ಮ ಸಹಿ, ಅವರ ಸಹಿ ಆದ ಮೇಲೆ ಒಂದನ್ನು ಅವರು ಮನೆಗೆ ಒಯ್ಯಲಿ.