ಹಲ್ಲುನೋವಿಗೆ ಲವಂಗದ ಎಣ್ಣೆ: ಪ್ರತಿಕ್ರಿಯೆ

ಹುಳುಕು ಹಲ್ಲಿಗೆ ಲವಂಗದ ಎಣ್ಣೆ ನೇರವಾಗಿ ಹಚ್ಚಬಹುದಾ, ನಾಲ್ಕು ವರ್ಷದ ಮಗಳಿಗೂ ಹಾಕಬಹುದಾ ಅಂತ ಕೇಳಿದ್ದೀರಿ.

ಮೊದಲು ಮಗಳ ವಿಷಯ. ದಯವಿಟ್ಟು ಹಾಕಬೇಡಿ. ಒಂದೆರಡು ಚಮಚ ಎಣ್ಣೆ ನುಂಗಿದ ಚಿಕ್ಕ ಮಕ್ಕಳಿಗೆ ಲಿವರ್‌ಗೆ ಪೆಟ್ಟಾದದ್ದೂ, ಫಿಟ್ಸ್ ಬಂದದ್ದೂ ಇದೆ. ಬಾಟಲಿಯನ್ನು ಅವಳ ಕೈಗೆ ಸಿಗದ ಹಾಗೆ ಇಡಿ. ಅವಳಿಗೂ ಹಲ್ಲು ನೋಯುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ನಿಮಗಾದರೆ ಹಚ್ಚಬಹುದು, ಆದರೆ ಹಾಗೇ ಅಲ್ಲ. ಲವಂಗದ ಎಣ್ಣೆಯಲ್ಲಿ ಬಹುಪಾಲು ಯೂಜಿನಾಲ್. ನರವನ್ನು ಮರಗಟ್ಟಿಸುವುದು ಅದೇ, ಒಸಡು ಸುಡುವುದೂ ಅದೇ. ಒಂದು ಚಮಚ ಕೊಬ್ಬರಿ ಎಣ್ಣೆಗೆ ಎರಡೇ ಹನಿ ಹಾಕಿ. ಹತ್ತಿಯ ತುದಿಯನ್ನು ಅದ್ದಿ, ಹಿಂಡಿ, ಹುಳುಕಿನ ಮೇಲೆ ಮಾತ್ರ ಒತ್ತಿ. ಉರಿ ಜಾಸ್ತಿಯಾದರೆ ತೆಗೆದು ಬಾಯಿ ಮುಕ್ಕಳಿಸಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಡಾಕ್ಟರನ್ನು ಕೇಳಿಯೇ ಬಳಸಿ.

ಎಣ್ಣೆ ಸಿಗದಿದ್ದರೆ ಒಂದು ಲವಂಗವನ್ನು ಆ ಹಲ್ಲಿನ ಹತ್ತಿರ ಇಟ್ಟು ಮೆಲ್ಲಗೆ ಕಚ್ಚಿಕೊಳ್ಳಿ. ಲವಂಗ ಒಳ್ಳೆಯದಿರಬೇಕು, ಅಷ್ಟೇ. ಉಗುರಿನಿಂದ ಒತ್ತಿದರೆ ಎಣ್ಣೆ ಜಿನುಗಬೇಕು. ನೀರಿಗೆ ಹಾಕಿದಾಗ ಮುಳುಗಬೇಕು, ಇಲ್ಲವೇ ನೆಟ್ಟಗೆ ನಿಲ್ಲಬೇಕು. ಅಡ್ಡಡ್ಡ ತೇಲಿದರೆ ಎಣ್ಣೆ ತೆಗೆದ ಸರಕೇ ಇರಬೇಕು.

ದಂತವೈದ್ಯರೂ ಯೂಜಿನಾಲನ್ನು ಝಿಂಕ್ ಆಕ್ಸೈಡ್ ಪುಡಿ ಜೊತೆ ಕಲಸಿ ತಾತ್ಕಾಲಿಕವಾಗಿ ಹಲ್ಲು ತುಂಬುತ್ತಾರೆ. ಆದರೆ ಲವಂಗದಿಂದ ಹುಳುಕು ವಾಸಿಯಾಗಲ್ಲ, ನೋವು ಸ್ವಲ್ಪ ಹೊತ್ತು ತಡೆಯುತ್ತೆ ಅಷ್ಟೇ. ಕೆನ್ನೆ ಊದಿದರೆ, ಜ್ವರ ಬಂದರೆ ಅವತ್ತೇ ಹೋಗಿ ತೋರಿಸಿ.